ಕ್ಯಾಂಪರ್ ಅಂದ್ರು, ಸಣ್ಣ ಮಷಿನ್ ಒಯ್ದಿದ್ನಿ

ನಾ ಅಂಜುಬುರುಕ ಮನಿಷಾ. ಇದನ್ನ ಮೊದಲ ಹೇಳಿಬಿಡ್ತೇನಿ. ಆಮ್ಯಾಲೆ ನೀವ ಕಂಡುಹಿಡದು ನಗೋದಕ್ಕಿಂತ ನಾನ ಹೇಳೋದು ಚೊಲೊ. ಹುನಗುಂದದಾಗ ಹೈವೇ ಬಾಜೂಕ ಟೈರಿಗೆ ಗಾಳಿ ಹೊಡಕೋತ, ಪಂಕ್ಚರ್ ತಿದ್ದಕೋತ ನನ್ನ ಹರೇ ಎಲ್ಲಾ ಹೋತು. ಈಗ ಮೊಳಕಾಲು ಬಗ್ಗಂಗಿಲ್ಲ. ಅಂಗಡಿ ಅಳ್ಯಾ ನೋಡ್ಕೋತಾನ, ನಾ ಕಟ್ಟಿ ಮ್ಯಾಲೆ ಕುಂತು ಹೋಗೋ ಬರೋ ಗಾಡಿ ಟೈರ್ ನೋಡ್ತೇನಿ. ಯಾವುದಕ್ಕರೆ ಗಾಳಿ ಕಮ್ಮಿ ಕಂಡ್ರ ಸಾಕು, ಕೈಯಾಗಿನ ಚಾ ಗಂಟಲದಾಗ ಇಳಿಯಂಗಿಲ್ಲ. ನನ್ನ ಹೆಂಡತಿ ಬೀಬಿಜಾನ ಬೈತಾಳ: "ಯಾರದೋ ಗಾಡಿ, ಯಾರದೋ ಟೈರು, ರಕ್ತ ಸುಟ್ಟಕೊಳ್ಳೋದು ಮಾತ್ರ ನಿಮ್ಮದು. ಸುಮ್ನ ಚಾ ಕುಡೀರಿ."

ಈಗ ಹೊಸಾ ಹುಡುಗರು ಈ ಲೈನಿಗೆ ಬರಾಕತ್ತಾರ. ಬಾಗಲಕೋಟ್ಯಾಗಿನ ಅಂಗಡಿಗೆ ಹೋಗಿ ಊಟದ ಡಬ್ಬಿಯಷ್ಟ ದೊಡ್ಡ ಕಂಪ್ರೆಸರ್ ತರ್ತಾರ, ಬೈಕಿಗೆ ಚೀಲಾ ಕಟ್ಟತಾರ, ಫೋನ್ ನಂಬರ್ ಗ್ವಾಡಿ ಮ್ಯಾಲೆ ಬರಸ್ತಾರ. ಮುಗೀತು, ಮೆಕ್ಯಾನಿಕ್ ಆದ್ರು. "ಇದರಾಗ ಏನೈತ್ರಿ ಚಾಚಾ? ಎರಡು ಕ್ಲಿಪ್ ಬ್ಯಾಟರಿಗೆ ಹಚ್ಚೋದು, ಬಟನ್ ಒತ್ತೋದು, ನಂಬರ್ ನೋಡೋದು" ಅಂತ ನನ್ನ ಮುಂದ ಹೇಳ್ತಾರ. ಏನೈತಿ ಅಂತ ಹೇಳಾಕ ಈಗ ಬರಿಯಾಕ ಕುಂತೇನಿ. ನನ್ನ ಅಕ್ಷರ ಕೋಳಿ ಕೆದರಿದಂಗ ಇರ್ತಾವ, ಮೊಮ್ಮಗಳು ಓದಿ ನೆಟ್ಟಗ ಬರದು ಕೊಡ್ತಾಳ.

ನಾ ಕೆಲಸ ಕಲತದ್ದು ಇಳಕಲ್ಲಾಗ, ಖಾಜಾಸಾಬ ಉಸ್ತಾದ್ರ ಕಡೆ. ಕೆಂಪು ಗ್ರಾನೈಟ್ ಕಲ್ಲು ಹೇರಿಕೊಂಡು ಲಾರಿ ಬರೋವು. ಒಂದೊಂದು ಟೈರು ನನ್ನ ಎದಿಮಟ. ಉಸ್ತಾದ್ರಿಗೆ ಮೀಟರ್ ಅಂದ್ರ ಆಗಿ ಬರ್ತಿರಲಿಲ್ಲ. ಸುತ್ತಿಗಿಲೆ ಟೈರಿಗೆ ಬಡದು, ಕಿವಿ ಕೊಟ್ಟು ಕೇಳಿ, "ಇನ್ನೂ ತಿಂತೈತಿ, ಹೊಡಿ" ಅನ್ನೋರು. ಬೈಗುಳಕ್ಕೇನೂ ಬರಗಾಲ ಇರಲಿಲ್ಲ. ಗಾಳಿ ಹೊಡಿಯೋ ಮುಂದ ನಾ ಟೈರಿನ ಎದುರಿಗೆ ಕುಂತ್ರ ಕುತ್ತಿಗಿ ಮ್ಯಾಲೆ ಒಂದು ಬೀಳೋದು. "ಲೇ ಮೌಲಾ, ಬಾಜೂಕ ಕುಂದ್ರಲೇ! ನಿಮ್ಮವ್ವಗ ನಾ ಏನು ಉತ್ತರ ಕೊಡ್ಲಿ?"

ಆಗಿನ ಲಾರಿ ಗಾಲಿಗೆ ಕಬ್ಬಿಣದ ರಿಂಗ್ ಇರ್ತಿತ್ತು, ಟೈರು ಹೊರಗ ಬರದಂಗ ಹಿಡಕೊಳ್ಳಾಕ. ಒಂದಿನ ಗಾಳಿ ತುಂಬಾಕತ್ತಾಗ ಆ ರಿಂಗ್ ಕಿತ್ತಕೊಂಡು ಹಾರಿತು. ಢಂ ಅಂದದ್ದು ಅಷ್ಟ ಗೊತ್ತು. ಛಾವಣಿ ತಗಡು ತೂತು ಬಿದ್ದಿತ್ತು. ಲಾರಿ ಕ್ಲೀನರ್ ಅದರ ಎದುರಿಗೇ ಕುಂತಿದ್ದ, ನೀರು ಕುಡಿಯಾಕ ಎದ್ದು ಹೋಗಿದ್ದ. ಅಂವ ಚರಿಗಿ ಹಿಡಕೊಂಡು ಹೊಳ್ಳಿ ಬಂದು ತಾ ಕುಂತಿದ್ದ ಜಾಗಾ ನೋಡಿ ಅಲ್ಲೇ ಕುಸದ. ಉಸ್ತಾದ್ರು ಅವತ್ತು ಯಾರಿಗೂ ಬೈಲಿಲ್ಲ. ಒಂದಾದ ಮ್ಯಾಲೆ ಒಂದು ಬೀಡಿ ಹಚ್ಚಿದ್ರು. ನನ್ನ ಎದಿಯೊಳಗ ಅವತ್ತು ಹೊಕ್ಕ ಅಂಜಿಕಿ ಇವತ್ತಿನತನಕ ಹೊರಗ ಬಂದಿಲ್ಲ.

ಆಮ್ಯಾಲೆ ಕಾಲ ಬದಲಾತು. ಸುತ್ತಿಗಿ ಹೋತು, ಮೀಟರ್ ಬಂತು, ಟ್ಯೂಬ್ ಹೋತು, ಟ್ಯೂಬ್ ಇಲ್ಲದ ಟೈರು ಬಂತು. ಮಂದಿ ನಂಬರ್ ಕಲತ್ರು, ಅರ್ಥ ಕಲೀಲಿಲ್ಲ. ಬಾದಾಮಿಗೆ ಗುಡಿ ನೋಡಾಕ ಹೊಂಟ ಒಂದು ಕಾರಿನ ಡ್ರೈವರ್ ಸುಡು ಬಿಸಲಾಗ ನನ್ನ ಹಂತೇಲಿ ನಿಂದ್ರಿಸಿ, "ನಂಬರ್ ಜಾಸ್ತಿ ತೋರಸ್ತೈತಿ, ಗಾಳಿ ತಗೀರಿ" ಅಂದ. "ಓಡಿ ಬಂದ ಟೈರು ಕಾದೈತಿ ತಮ್ಮಾ, ಅದಕ್ಕ ನಂಬರ್ ಏರೈತಿ, ಆರಿದ ಮ್ಯಾಲೆ ಇಳೀತೈತಿ" ಅಂದ್ನಿ. "ನನಗ ಕಲಸಬ್ಯಾಡ್ರಿ" ಅಂತ ತಾನ ಪಿನ್ ಒತ್ತಿ ಗಾಳಿ ಬಿಟ್ಟಕೊಂಡು ಹೋದ. ಬಾದಾಮಿಯಿಂದ ಬಂದ ಪ್ರತಿ ಬಸ್ಸಿನ ಕಂಡಕ್ಟರಿಗೂ "ದಾರ್‍ಯಾಗ ಬಿಳೀ ಕಾರೇನರೆ ಬಿದ್ದಿತ್ತೇನ್ರಿ?" ಅಂತ ಕೇಳಿದ್ನಿ. ಬಿದ್ದಿರಲಿಲ್ಲ. ಕಂಡಕ್ಟರುಗಳು ಇವತ್ತಿಗೂ ನನ್ನ ಕಂಡ್ರ "ಬಿಳೀ ಕಾರು ಆರಾಮೈತ್ರಿ ಚಾಚಾ" ಅಂತ ಚ್ಯಾಷ್ಟಿ ಮಾಡ್ತಾರ.

ಇನ್ನ ಕ್ಯಾಂಪರ್ ವಿಷಯ. ನಮ್ಮ ಕಡೆ ಕ್ಯಾಂಪರ್ ಅಂದ್ರ ಏನು? ಮುಂದ ನಾಕೈದು ಮಂದಿ ಕುಂದರೋ ಕ್ಯಾಬಿನ್, ಹಿಂದ ಸಾಮಾನು ಹೇರೋ ತೆರೆದ ಡಬ್ಬಿ. ಉಳ್ಳಾಗಡ್ಡಿ ಚೀಲ ಒಯ್ಯೋದು ಅದ, ಕೂಲಿ ಮಂದೀನ ಒಯ್ಯೋದು ಅದ, ಮದವಿಗೆ ಪಾತ್ರಿ ಪಗಡಾ ತರೋದೂ ಅದ. ಸಣ್ಣ ಮಕ್ಕಳನ್ನ ಕೇಳಿದ್ರೂ ಕ್ಯಾಂಪರ್ ಅಂದ್ರ ಅದನ್ನ ತೋರಸ್ತಾವ. ಅದರ ಟೈರಿಗೆ ಆ ಡಬ್ಬಿಯಂಥಾ ಸಣ್ಣ ಕಂಪ್ರೆಸರ್ ಆರಾಮ ಸಾಕಾಗ್ತೈತಿ.

ನಾ ಕೆಲಸ ಬಿಟ್ಟ ವರ್ಷದ ಮಳಿಗಾಲ ಅದು. ಮಧ್ಯಾಹ್ನ ಊಟಾ ಮಾಡಿ ಕೈ ತೊಳಕೊಳ್ಳೋದರಾಗ ಫೋನ್ ಬಂತು. ಹೆಣ್ಣುಮಗಳ ದನಿ, ಮೈಸೂರು ಕಡೆ ಮಾತು.

"ಕೂಡಲಸಂಗಮದ ಹತ್ರ, ಹಿನ್ನೀರಿನ ಪಕ್ಕ ಇದ್ದೀವಿ. ನಮ್ಮದು ಕ್ಯಾಂಪರ್. ಹಿಂದಿನ ಒಂದು ಟೈರಲ್ಲಿ ಗಾಳಿ ಇಳೀತಾ ಇದೆ. ಸ್ವಲ್ಪ ಬೇಗ ಬರ್ತೀರಾ?"

"ಕ್ಯಾಂಪರ್ ಅಂದ್ರಿ?"

"ಹೌದು, ಕ್ಯಾಂಪರ್."

"ಬಂದ್ನಿ ತಡೀರಿ ಅಕ್ಕಾರ."

ನನ್ನ ಹಂತೇಲಿ ದೊಡ್ಡ ಮಷಿನ್ನೂ ಇತ್ತು, ಪೆಟ್ರೋಲ್ ಇಂಜಿನ್ ಇದ್ದದ್ದು, ಟಾಕಿ ಇದ್ದದ್ದು. ಅವತ್ತು ಅಳ್ಯಾ ಅದನ್ನ ಟಂಟಂ ಆಟೋದಾಗ ಹಾಕ್ಕೊಂಡು ಇಳಕಲ್ಲಿಗೆ ಲಾರಿ ಕೆಲಸಕ್ಕ ಹೋಗಿದ್ದ. ಕ್ಯಾಂಪರ್ ಅಲ್ಲೇನು, ಸಣ್ಣದು ಸಾಕು ಅಂತ ಚೀಲದಾಗ ಹಾಕ್ಕೊಂಡು ಬೈಕ್ ಹತ್ತಿದ್ನಿ.

ಹೋಗಿ ನೋಡಿದ್ರ ಹೊಲದ ಬದುವಿನಾಗ ಬೇವಿನ ಗಿಡದ ಕೆಳಗ ಒಂದು ಮನಿ ನಿಂತಿತ್ತು. ಖರೇನ ಮನಿ ರೀ! ಗಾಲಿ ಮ್ಯಾಲೆ ಕುಂತ ಬಿಳೀ ಮನಿ. ಕಿಟಕಿಗೆ ಪರದೆ, ಮ್ಯಾಲೆ ಸೋಲಾರ್ ಹಲಗಿ, ಬಾಗಲದಾಗ ಕಾಲೊರಸು. ಬಾಜೂಕ ಒಬ್ಬಾಕಿ ಹೆಣ್ಣುಮಗಳು, ನಲವತ್ತರ ಆಜೂಬಾಜೂ, ಪ್ಯಾಂಟು ಮೊಳಕಾಲತನಕ ಮಡಚಿಕೊಂಡು ಕೆಸರಿನಾಗ ನಿಂತಿದ್ಳು.

"ಅಕ್ಕಾರ, ಕ್ಯಾಂಪರ್ ಎಲ್ಲೈತ್ರಿ?"

"ಇದೇ."

"ಇದು ಕ್ಯಾಂಪರ್ ಹೆಂಗಾಗ್ತೈತ್ರಿ?"

ಗಾಡಿ ಒಳಗಿಂದ ಗಂಡಸಿನ ನಗು ಕೇಳಿಸ್ತು. "ಚಾಚಾ, ನಿಮ್ಮೂರಲ್ಲಿ ಇದಕ್ಕೇನಂತಾರೆ?"

"ಮನಿ ಅಂತಾರ್ರಿ" ಅಂದ್ನಿ. ಒಳಗಿನ ನಗು ಇನ್ನೂ ಜೋರಾತು. ನನಗ ನಗು ಬರಲಿಲ್ಲ. ಬಾಗಲದ ಸಂದಿಯೊಳಗಿನ ಚೀಟಿ ಓದಿದ್ನಿ, ಹಿಂದಿನ ಟೈರಿಗೆ ಅರವತ್ತೈದು ಪೌಂಡ್ ಅಂತ ಇತ್ತು. ನನ್ನ ಡಬ್ಬಿ ಮಷಿನ್ ಅಷ್ಟು ಹೊಡೀತೈತಿ, ಇಲ್ಲಂತಲ್ಲ. ಆದ್ರ ಏದಕೋತ ಹೊಡೀತೈತಿ. ಒಂದು ಟೈರಾದ್ರ ಹೆಂಗರೆ ಆದೀತು ಅಂದ್ಕೊಂಡು ಬಗ್ಗಿ ನೋಡಿದ್ರ, ನಾಕೂ ಗಾಲಿ ಕಪ್ಪನ ಎರಿ ಮಣ್ಣಿನಾಗ ಇಳದಿದ್ವು. ಎರಿ ಹೊಲ ಗೊತ್ತಲ್ಲ, ಒಣಗಿದ್ರ ಕಲ್ಲು, ತೊಯ್ದ್ರ ಅಂಟು. ಮುಂಜಾನೆ ಒಂದು ಸಣ್ಣ ಮಳಿ ಆಗಿತ್ತು. ಹೊಳಿ ಆಚೆ ಬಾಜೂಕ ಮತ್ತೊಂದು ಕಪ್ಪನ ಮೋಡ ಏರಾಕತ್ತಿತ್ತು.

"ಮಳಿ ಬಂದ್ರ ಈ ಗಾಡಿ ವಾರಗಟ್ಟಲೆ ಇಲ್ಲೇ ಅಕ್ಕಾರ. ನೀವು ಗುಡಿ ಕಡೆ ಹೋಗಿ ಇವತ್ತಿಗೆ ರೂಮ್ ಮಾಡ್ರಿ. ನಾಳೆ ಟ್ರ್ಯಾಕ್ಟರ್ ತಂದು ಎಳಸೋಣು."

"ಆಗಲ್ಲ ಚಾಚಾ" ಅಂದ್ಳು. ಆಕಿ ಹೆಸರು ವಸುಧಾ. "ಒಳಗೆ ಬಂದು ನೋಡಿ."

ಒಳಗ ಅವರ ಯಜಮಾನ್ರು ಪ್ರಭಾಕರ ಸರ್ ಮಲಗಿದ್ರು. ಮೊದಲು ಸರ್ವೇ ಕೆಲಸದಾಗ ಇದ್ದೋರಂತ. ಬೈಕಿನಿಂದ ಬಿದ್ದು ಬೆನ್ನಹುರಿಗೆ ಪೆಟ್ಟಾಗಿ ಸ್ವಂಟದ ಕೆಳಗ ಏನೂ ಗೊತ್ತಾಗಂಗಿಲ್ಲ. ನಕ್ಷೆದಾಗ ಬರದ ಊರುಗಳನ್ನ ಕಣ್ಣಿಲೆ ನೋಡಬೇಕಂತ ಹಠಾ ಹಿಡದು ಹೆಂಡತಿ ಕೂಡ ಹೊಂಟಿದ್ರು. ಗಾಡಿ ಆಕೀನ ಹೊಡಿಯಾಕಿ. ಸರ್ ಮಲಗಿದ್ದು ಗಾಳಿ ಹಾಸಿಗಿ ಮ್ಯಾಲೆ. ದವಾಖಾನ್ಯಾಗ ಇರ್ತೈತಲ್ಲ, ಪಂಪ್ ಹಚ್ಚಿರೋದು, ಅಂಥಾದ್ದು.

"ಇವರ ಬೆನ್ನ ಕೆಳಗೆ ಹುಣ್ಣಾಗಿತ್ತು" ಅಂದ್ಳು ವಸುಧಾ. "ಮಲಗೇ ಇದ್ದೋರಿಗೆ ಆಗೋ ಹುಣ್ಣು, ಮೂಳೆವರೆಗೂ ಹೋಗಿತ್ತು. ಬದುಕಿ ಬಂದಿದ್ದೇ ದೊಡ್ಡದು. ಈಗಷ್ಟೇ ಮಾಗಿದೆ, ಚರ್ಮ ಇನ್ನೂ ಕಾಗದದ ಹಾಗಿದೆ. ಗಟ್ಟಿ ಜಾಗದಲ್ಲಿ ಒಂದು ರಾತ್ರಿ ಮಲಗಿದ್ರೆ ಮತ್ತೆ ಬಿಟ್ಕೊಳ್ಳುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ. ಮೋಡಕ್ಕೆ ಸೋಲಾರ್ ನಡೀಲಿಲ್ಲ, ಇಂಜಿನ್ನಿಂದ ಒಳಗಿನ ಬ್ಯಾಟರಿಗೆ ಬರೋ ವೈರೂ ಸುಟ್ಟಿದೆ. ಬೆಳಗ್ಗೆಯಿಂದ ಪಂಪ್ ನಿಂತಿದೆ. ಹಾಸಿಗೆ ಇಳೀತಾ ಇದೆ. ಕರೆಂಟ್ ಇರೋ ಕಡೆ ಇವರನ್ನ ಮುಟ್ಟಿಸ್ಬೇಕು ಚಾಚಾ, ಈ ಹಾಸಿಗೆ ಮೇಲೇ."

ಟೈರಿನ ಗಾಳಿ ಇಳದ್ರ ನನಗ ಚಾ ಇಳಿಯಂಗಿಲ್ಲ ಅಂದ್ನೆಲ್ಲ, ಈಗ ಮನಿಷಾನ ಕೆಳಗಿನ ಗಾಳಿ ಇಳಿಯಾಕತ್ತಿತ್ತು! ಯಾ ಅಲ್ಲಾ, ನನ್ನಂಥಾ ಪುಕ್ಕಲಗ ಇಂಥಾ ಕೆಲಸಾ ಯಾಕ ಕೊಟ್ಟಿ ಅನಿಸ್ತು. ಅಳ್ಯಾಗ ಫೋನ್ ಹಚ್ಚಿದ್ನಿ. "ಮಾವಾ, ಲಾರಿ ಟೈರು ಬಿಚ್ಚಿ ಕುಂತೇನ್ರಿ, ಕತ್ತಲಾಗ್ತೈತ್ರಿ ಬರೋದರಾಗ" ಅಂದ.

ಹೊರಗ ಬಂದು ಗಾಳಿ ಸೋರೋ ಟೈರಿನ ವಾಲ್ ಪಿನ್ ಬದಲಿ ಮಾಡಿದ್ನಿ. ಆಮ್ಯಾಲೆ ಉಳದ ಮೂರೂ ಟೈರಿನ ಗಾಳಿ ಬಿಡಾಕ ಹತ್ತಿದ್ನಿ.

ವಸುಧಾ ಚೀರಿದ್ಳು. "ಏನ್ ಮಾಡ್ತಿದ್ದೀರಿ? ಗಾಳಿ ಹಾಕೋಕೆ ಕರೆಸಿದ್ದು, ಇರೋದನ್ನೂ ತೆಗೀತಿದ್ದೀರಲ್ಲ!"

"ಉಬ್ಬಿದ ಟೈರು ಎರಿಯಾಗ ಚಾಕು ಹೊಕ್ಕಂಗ ಹೊಗತೈತ್ರಿ. ಮೆತ್ತಗಾದ್ರ ಪಾದ ಅಗಲಾಗಿ ಮಣ್ಣಿನ ಮ್ಯಾಲೆ ನಿಂದರತೈತಿ. ಈಗ ಗಾಡಿ ಹಗೂರಕ ತಗೀರಿ. ರೇಸ್ ಕೊಡಬ್ಯಾಡ್ರಿ, ಗಾಲಿ ತಿರಗಿದ್ರ ಮತ್ತ ಕುಣಿ ತೋಡತೈತಿ. ನಾ ಕೈ ಎತ್ತಿದ್ರ ನಿಂದರ್ರಿ."

ಆಕಿ ಗಾಡಿ ಹತ್ತಿದ್ಳು. ನಾ ಬೇವಿನ ಟೊಂಗಿ ತಪ್ಪಲ ಮುರದು ಗಾಲಿ ಮುಂದ ಹಾಸಿದ್ನಿ. ಗಾಡಿ ಒಮ್ಮೆ ಮುಂದ, ಒಮ್ಮೆ ಹಿಂದ ಜೋಕಾಲಿ ಆಡಿತು. ಒಳಗಿಂದ ಸರ್ ಕೂಗಿದ್ರು: "ವಸು, ಎಡಕ್ಕೆ ಇಳಿಜಾರಿದೆ, ಬಲಕ್ಕೆ ಹಿಡಿ!" ಮಲಕೊಂಡ ಮನಿಷಾ ಕಿಟಕಿಯಾಗ ನೋಡಿ ನೆಲದ ಏರಿಳಿತ ಹೇಳಾಕತ್ತಿದ್ರು. ಆಕಿ ಬಲಕ್ಕ ಹಿಡದ್ಳು, ಗಾಲಿ ಪಚಕ್ ಅಂತ ಮ್ಯಾಲೆ ಬಂತು. ಗಾಡಿ ಮೆಲ್ಲಗ ಕೆಸರು ಎಳಕೋತ ಕಲ್ಲುಮಣ್ಣಿನ ಗರಸಿನ ದಾರಿಗೆ ಹತ್ತಿತು.

ಖುಷಿ ಪಡಾಕ ಟೈಮ್ ಇರಲಿಲ್ಲ. ಮೆತ್ತನ ಟೈರಿನ ಮ್ಯಾಲೆ ಇಷ್ಟು ಭಾರ ಹೇರಿ ಗರಸಿನ್ಯಾಗ ಓಡಿಸಿದ್ರ ಬಾಜೂ ಹರೀತೈತಿ, ಇಲ್ಲ ರಿಮ್ ಬಿಟ್ಟ ಹೊರಗ ಬರತೈತಿ. ಇಂಜಿನ್ ಚಾಲೂ ಇಟ್ಟು, ಕ್ಲಿಪ್ ಹಚ್ಚಿ ಮಷಿನ್ ಸುರು ಮಾಡಿದ್ನಿ. ಮುಂದಿನ ಎರಡು ಟೈರು ತುಂಬೋದರಾಗ ಮಷಿನ್ ಮೈ ಕಾದಿತ್ತು. ಹುಡುಗರಾ, ಇಲ್ಲಿ ಕಿವಿ ಕೊಡ್ರಿ. ಈ ಡಬ್ಬಿಗೆ ನಡುವ ಉಸುರು ತಗೊಳ್ಳಾಕ ಬಿಡಬೇಕು, ಪೈಪಿನ ಬುಡಾ ಮುಟ್ಟಿ ನೋಡಕೋತ ಇರಬೇಕು. ನಾ ಬಿಟ್ನಿ. ನೆರಳಾಗ ಇಟ್ಟು, ಟಾವೆಲ್‍ಲೆ ಗಾಳಿ ಬೀಸಿದ್ನಿ, ಮೋಡ ನೋಡಿದ್ನಿ, ಮತ್ತ ಬೀಸಿದ್ನಿ. ಮೂರನೇ ಟೈರು ಅರವತ್ತೈದಕ್ಕ ಬರೋದರಾಗ ಮಷಿನ್ ದನಿ ಒಡದು ಹೋತು, ಸುಟ್ಟ ವಾಸನಿ ಬಂತು. ತನಗ ತಾನ ಬಂದ್ ಆತು. ನಾಕನೇ ಟೈರು, ಹಿಂದಿನ ಎಡಗಡೆದು, ಅರ್ಧಾನೂ ಇರಲಿಲ್ಲ.

ವಸುಧಾ ಒಳಗಿಂದ ಓಡಿ ಬಂದ್ಳು. "ಹಾಸಿಗೆ ಪೂರ್ತಿ ಇಳಿದೋಗಿದೆ ಚಾಚಾ. ಇವರ ಸೊಂಟ ಹಲಗೆಗೆ ತಾಗ್ತಾ ಇದೆ. ನಿಮ್ಮ ಮಷಿನ್ನಲ್ಲಿ ಹಾಸಿಗೆಗೆ ಗಾಳಿ ಹಾಕೋಕಾಗುತ್ತಾ?"

ಆಗ್ತಿತ್ತು. ಚಂಡು ಊದೋ ಪ್ಲಾಸ್ಟಿಕ್ ಮೂತಿ ಚೀಲದಾಗ ಇತ್ತು. ಆದ್ರ ಆ ಮಷಿನ್ ಆರಿದ ಮ್ಯಾಲೆ ಇನ್ನೊಂದು ಸಲ ಎದ್ದರ ಅದ ಕೊನೇದು ಅಂತ ನನಗ ವಾಸನಿಮ್ಯಾಲೆ ಗೊತ್ತಾಗಿತ್ತು. ಟೈರಿಗೆ ಹಾಕ್ಲೋ, ಹಾಸಿಗಿಗೆ ಹಾಕ್ಲೋ? ಇದ್ದದ್ದು ಇದ್ದಂಗ ಇಬ್ಬರ ಮುಂದೂ ಹೇಳಿದ್ನಿ.

"ಟೈರಿಗೇ ಹಾಕಿ" ಅಂದ್ರು ಸರ್. "ನಂಗೇನೂ ನೋವಾಗ್ತಿಲ್ಲ."

"ನೋವಾಗದೇ ಇರೋದೇ ಅಲ್ವಾ ತೊಂದರೆ!" ವಸುಧಾ ಅಳಾಕ ಹತ್ತಿದ್ಳು. "ಹೋದ ಸಲಾನೂ ಹೀಗೇ ಹೇಳಿದ್ರಿ ನೀವು."

ಗಂಡಾ ಹೆಂಡತಿ ಇಬ್ಬರೂ ನನ್ನ ಮಾರಿ ನೋಡಿದ್ರು. ಗಾಳಿ ಕಮ್ಮಿ ಇದ್ದ ಗಾಡೀನ ನಾ ಜೀವಮಾನದಾಗ ನನ್ನ ಕೈಯಾರೆ ಬಿಟ್ಟಿರಲಿಲ್ಲ. ಕಡೀಕ ನನ್ನ ಬಾಯಿಂದ ಬಂದ ಮಾತಿಗೆ ನನಗ ಆಶ್ಚರ್ಯ ಆತು: "ಹಾಸಿಗಿಗೆ ಹಾಕೋಣ್ರಿ. ಟೈರು ನಾ ನೋಡ್ಕೋತೇನಿ."

ಮಷಿನ್ ಆರೋದರಾಗ ಭಾರ ಇಳಿಸಾಕ ಗಾಡಿ ಹೊಟ್ಟ್ಯಾಗಿನ ನೀರಿನ ಟಾಕಿ ಖಾಲಿ ಮಾಡಿದ್ವಿ. ಗ್ಯಾಸ್ ಸಿಲಿಂಡರ್, ಡಬ್ಬಿ, ಪುಸ್ತಕ ಎಲ್ಲಾ ಎಡಗಡೆಯಿಂದ ಬಲಗಡೆ ಮುಂದ ಸರಿಸಿದ್ವಿ. ಆಮ್ಯಾಲೆ ಹಾಸಿಗಿ ಪೈಪಿಗೆ ಮೂತಿ ಸಿಗಿಸಿ ಬಿಸ್ಮಿಲ್ಲಾ ಅಂದು ಬಟನ್ ಒತ್ತಿದ್ನಿ. ಎದ್ದಿತು! ಹಾಸಿಗಿಗೆ ಬೇಕಾದ ಗಾಳಿ ಎಷ್ಟು ಸಣ್ಣದಂದ್ರ ಮೀಟರಿನ ಮುಳ್ಳು ಜಾಗಾ ಬಿಟ್ಟು ಅಲ್ಲಾಡಲಿಲ್ಲ. ಕಮ್ಮಿ ಆದ್ರ ಹಲಗಿ ಹತ್ತತೈತಿ, ಜಾಸ್ತಿ ಆದ್ರ ಹಾಸಿಗೀನ ಹಲಗಿ ಆಗ್ತೈತಿ, ಇನ್ನೂ ಜಾಸ್ತಿ ಆದ್ರ ಒಡೀತೈತಿ. ವಸುಧಾ ಗಂಡನ ಸ್ವಂಟದ ಕೆಳಗ, ಹಾಸಿಗಿ ಹಲಗಿ ನಡುವ ಅಂಗೈ ತೂರಿಸಿ ಕುಂತ್ಳು. ದವಾಖಾನ್ಯಾಗ ಹಿಂಗ ನೋಡಾಕ ಕಲಿಸಿದ್ರಂತ. "ಇನ್ನೂ ಮೂಳೆ ಸಿಗ್ತಿದೆ... ಇನ್ನೂ... ಸ್ವಲ್ಪ... ಸಾಕು ಸಾಕು ಸಾಕು!"

ಬಟನ್ ಆರಿಸಿದ್ನಿ. ಹಾಸಿಗಿ ಪೈಪ್ ಮಡಚಿ ಹಳೇ ಟ್ಯೂಬಿನ ರಬ್ಬರಿಲೆ ಬಿಗಿಯಾಗಿ ಕಟ್ಟಿದ್ನಿ. ಆಮ್ಯಾಲೆ ಟೈರಿಗೆ ಹಚ್ಚಿ ನೋಡಿದ್ರ ಮಷಿನ್ ಒಮ್ಮೆ ಗುರ್ ಅಂದು ಸತ್ತಿತು.

"ಸೈಕಲ್ ಹೋದಂಗ ಹೋಗ್ರಿ ಅಕ್ಕಾರ. ಬ್ರೇಕ್ ಕಡಕ್ ಹೊಡೀಬ್ಯಾಡ್ರಿ. ನಾ ಹಿಂದ ಇರ್ತೇನಿ."

ಗುಡಿ ಕಡೆ ವಸತಿಗೃಹ ದೂರ ಇರಲಿಲ್ಲ, ಆದ್ರ ಆ ದಾರಿ ಮುಗೀಲೇ ಇಲ್ಲ. ಮಳಿ ಹಿಡೀತು. ಬೈಕ್ ಮ್ಯಾಲೆ ನಾ ಬಾಗಿ ಆ ಒಂದು ಟೈರನ್ನ ನೋಡಕೋತ ಹೋದ್ನಿ. ಪ್ರತಿ ತೆಗ್ಗಿಗೂ ಅದರ ಹೊಟ್ಟಿ ಹೊರಗ ಬರೋದು, ನನ್ನ ಜೀವಾನೂ ಅದರ ಕೂಡ ಹೊರಗ ಬರೋದು. ಹಿಂದಿನ ಗಾಡಿಯವರು ಹಾರ್ನ್ ಹೊಡದು ಬೈದು ಹೋದ್ರು. ಟೈರಿಗೆ ಆಸರ ಕೊಡು, ಪೈಪಿಗೆ ಕಟ್ಟಿದ ರಬ್ಬರಿಗೆ ಆಸರ ಕೊಡು ಅಂತ ದುವಾ ಕೇಳಕೋತ ಹೋದ್ನಿ. ಆ ಕುಲುಕಾಟಕ್ಕ ಗಂಟು ಸಡ್ಲಾಗಿ ಗಾಳಿ ಹೋಗಿದ್ರ ಒಳಗಿನ ಮನಿಷಾಗ ಗೊತ್ತ ಆಗೋದಿಲ್ಲ, ಸ್ಟೇರಿಂಗ್ ಹಿಡದಾಕಿಗೂ ಗೊತ್ತಾಗೋದಿಲ್ಲ.

ವಸತಿಗೃಹದ ಮುಂದ ಗಾಡಿ ನಿಂತಿತು. ನಾ ಟೈರ್ ಕಡೆ ನೋಡಲೇ ಇಲ್ಲ, ನೆಟ್ಟಗ ಗಾಡಿ ಒಳಗ ಹೊಕ್ಕಿದ್ನಿ. ಮೈಯಿಂದ ನೀರು ಸೋರಾಕತ್ತಿತ್ತು. ವಸುಧಾ ಡ್ರೈವರ್ ಸೀಟಿನಿಂದ ಬಂದು ಹಾಸಿಗಿ ಕೆಳಗ ಕೈ ತೂರಿಸಿದ್ಳು. ಅಷ್ಟು ಹೊತ್ತು ಸ್ಟೇರಿಂಗ್ ಬಿಗಿ ಹಿಡದ ಕೈ ಅದು. ಹೊರಗ ತಗದ್ಳು, ಮತ್ತ ತೂರಿಸಿದ್ಳು.

"ನಂಗೆ ಗೊತ್ತಾಗ್ತಿಲ್ಲ ಚಾಚಾ. ಕೈ ಮರಗಟ್ಟಿದೆ. ನೀವು ನೋಡಿ, ದಯವಿಟ್ಟು."

ಟಾವೆಲ್ಲಿಗೆ ಕೈ ಒರಸ್ಕೊಂಡ್ನಿ. ಬಿರುಸು ಕೈ ನನ್ನದು, ಹಾಸಿಗಿ ಹರದೀತು ಅಂತ ಅಂಜಿಕೋತ ಅವರ ಸ್ವಂಟದ ಹತ್ರ ಹಾಸಿಗಿ ಕೆಳಗ ಅಂಗೈ ಮ್ಯಾಲೆ ಮಾಡಿ ತೂರಿಸಿದ್ನಿ. ಒಬ್ಬ ಮನಿಷಾನ ಪೂರಾ ಭಾರ ನನ್ನ ಕೈಮ್ಯಾಲೆ ಬಂತು. ಎಲುವು ಹುಡುಕಿದ್ನಿ. ಸಿಗಲಿಲ್ಲ. ನಡುವ ಗಾಳಿ ಇತ್ತು, ಮೆತ್ತಗ, ತುಂಬಿ ಕಟ್ಟಿದಷ್ಟೂ ಇತ್ತು. ನನ್ನ ಕಣ್ಣು ತುಂಬಿ ಬಂದ್ವು. ಕೈ ತಗಿಯಾಕ ಆಗಲಿಲ್ಲ.

ಸರ್ ತಾರಸಿ ಕಡೆ ನೋಡಕೋತ ಮಲಗಿದ್ರು. ಹಂಗ ಕೇಳಿದ್ರು:

"ಚಾಚಾ, ನಂಗೆ ಗೊತ್ತಾಗಲ್ಲ, ಅದಕ್ಕೆ ಕೇಳ್ತಿದ್ದೀನಿ. ಇದೆಯಾ?"

"ಐತ್ರಿ ಸರ್ರ" ಅಂದ್ನಿ. "ಇನ್ನೂ ಐತಿ."